ಅಂಗಡಿ ದಾಟದ ಟೇಪು

ಡಾಕ್ಟರಮ್ಮ ಟೈಲರ್ ಮಾಸ್ತರ ಹೊಟ್ಟೆಯ ಕಡೆ ನೋಡಿದ್ದು ಒಂದೇ ಒಂದು ಸಲ. ಆಮೇಲೆ ರಕ್ತಪರೀಕ್ಷೆಯ ಕಾಗದ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ದಿನಾ ಏನಾದ್ರೂ ಓಡಾಟ ಇದೆಯಾ?”

“ಬೆಳಗಿನಿಂದ ಸಂಜೆವರೆಗೂ ಮೇಜಿನ ಮುಂದೆ ನಿಂತೇ ಇರ್ತೀನಲ್ಲ ಡಾಕ್ಟ್ರೇ. ಕೂತವನೇ ಅಲ್ಲ ನಾನು.”

“ಲೈಟು ಕಂಬವೂ ಕೂತಿದ್ದಿಲ್ಲ,” ಎಂದರು ಡಾಕ್ಟರಮ್ಮ.

ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಗೆ ನಗು ಉಕ್ಕಿಬಂತು. ಗಂಡನ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರಮ್ಮ ಡ್ರಾಯರಿನಿಂದ ಟೇಪು ತೆಗೆದು ಮಾಸ್ತರ ಸೊಂಟಕ್ಕೆ ಸುತ್ತಿದರು, ಅಳತೆಯನ್ನು ಗಟ್ಟಿಯಾಗಿಯೇ ಓದಿದರು. ಊರವರ ಸೊಂಟವನ್ನೆಲ್ಲ ಅಳೆದ ಮನುಷ್ಯ ಕಿವಿಯವರೆಗೂ ಕೆಂಪಾದ.

“ಸಕ್ಕರೆ ಕಾಯಿಲೆ ಬಾಗಿಲಲ್ಲಿ ಬಂದು ನಿಂತಿದೆ. ಒಳಗೆ ಕಾಲಿಡೋಕೆ ಮುಂಚೆ ಓಡಿಸಬೇಕು. ಮೈ ಅಲ್ಲಾಡಲಿ. ಮೂರು ತಿಂಗಳು ಬಿಟ್ಟು ಬನ್ನಿ, ಮತ್ತೆ ಅಳೀತೀನಿ.”

ದರ್ಜಿ ಅಂಗಡಿ ಅವರಿಬ್ಬರದು. ಮಾಸ್ತರು ಅಳೆಯುವುದು, ಕತ್ತರಿಸುವುದು. ಅವಳು ಹೊಲಿಯುವುದು, ಅಂಚು ಮಡಿಸುವುದು, ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು. ಗುಂಡಿ ಕಳೆದುಕೊಂಡ ಮಕ್ಕಳೆಲ್ಲ ಶಾಲೆಗೆ ಹೋಗುವ ದಾರಿಯಲ್ಲಿ ಅವಳ ಮುಂದೆ ಬಂದು ನಿಲ್ಲುತ್ತಿದ್ದುದರಿಂದ ಬೀದಿಗೆಲ್ಲ ಅವಳು ಗುಂಡಿಯಕ್ಕ. ಅವಳ ಗೇಣು ಅಂಗಡಿಯ ಟೇಪಿನ ಎಂಟು ಇಂಚಿಗೆ ಸರಿಯಾಗಿ ಕೂರುತ್ತಿತ್ತು. ಪರದೆ, ಮೇಜಿನ ಬಟ್ಟೆಗಳನ್ನು ಅವಳು ಗೇಣಿನಲ್ಲೇ ಅಳೆದುಬಿಡುತ್ತಿದ್ದಳು. ಮಾಸ್ತರು ನಂಬದೆ ಟೇಪು ಹಿಡಿದು ನೋಡುವುದು, ಸರಿಯಿದೆ ಎಂದು ಗೊಣಗುವುದು, ಮದುವೆಯಾದಾಗಿನಿಂದ ನಡೆದುಬಂದದ್ದು.

ಮನೆಯಿಂದ ಅಂಗಡಿಗೆ ಕಾಲುವೆ ದಂಡೆಯ ಮೇಲೆ ಒಂದು ಕಾಲುದಾರಿ ಇತ್ತು. ಹೊಸದಾಗಿ ಮದುವೆಯಾದಾಗ ಇಬ್ಬರೂ ಅದೇ ದಾರಿಯಲ್ಲಿ ಮಾತಾಡುತ್ತ ಬರುತ್ತಿದ್ದರು. ಸ್ಕೂಟರ್ ಬಂದ ಮೇಲೆ ದಾರಿ ಬೇರೆಯಾಯಿತು. ಸ್ಕೂಟರಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಮಾತೂ ಕಡಿಮೆಯಾಯಿತು.

“ನಾಳೆಯಿಂದ ನಡ್ಕೊಂಡೇ ಹೋಗೋಣ್ರೀ,” ಎಂದಳು ಅವಳು, ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ.

“ನಡಿಗೆಗೆಲ್ಲ ಕರಗೋ ಹೊಟ್ಟೆ ಅಲ್ಲ ಕಣೇ ಇದು,” ಎಂದ ಮಾಸ್ತರು ಅದರ ಮೇಲೆ ಕೈಯಾಡಿಸಿ. ಮಾತಿನಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮಗಳು ಸುದ್ದಿ ಕೇಳಿದವಳೇ ಹೊಸದಾಗಿ ತೆರೆದ ಜಿಮ್ಮಿಗೆ ಇಬ್ಬರ ಹೆಸರನ್ನೂ ಬರೆಸಿಬಿಟ್ಟಳು. ಅಲ್ಲಿನ ತರಬೇತುದಾರ ಎಷ್ಟು ಅಗಲವಾಗಿದ್ದನೆಂದರೆ, ಅವನು ಹೊಸ್ತಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ಎಲ್ಲರೂ ಅವನನ್ನು ಬಾಗಿಲು ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ.

ಗುಂಡಿಯಕ್ಕ ಎರಡು ದಿನ ಹೋದಳು. ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ಹತ್ತಿಸಿದರು, ನಡೆದಳು. ಎದುರಿಗೆ ದೊಡ್ಡ ಕನ್ನಡಿ. ಎಷ್ಟು ನಡೆದರೂ ಅದೇ ಕನ್ನಡಿ, ಅದರೊಳಗೆ ಬೆವರುವ ಅದೇ ಹೆಂಗಸು.

“ಯಾಕಮ್ಮಾ ಬಿಟ್ಟೆ?” ಎಂದಳು ಮಗಳು.

“ದಾರೀಲಿ ನಡೆದ್ರೆ ಯಾರಾದ್ರೂ ಸಿಗ್ತಾರೆ ಕಂದಾ. ಅಲ್ಲಿ ಬರೀ ನಾನೇ ನನಗೆ ಸಿಗ್ತಾ ಇದ್ದೆ.”

ಮಾಸ್ತರಿಗೆ ಮಾತ್ರ ಜಿಮ್ ಹಿಡಿಸಿಬಿಟ್ಟಿತು. ಕಬ್ಬಿಣದ ವಾಸನೆ, ಜೋರು ಹಾಡು, ಬೆನ್ನು ತಟ್ಟುವ ಬಾಗಿಲು, “ಇನ್ನೊಂದು ಮಾಸ್ತರೇ, ಇನ್ನೊಂದೇ ಒಂದು!” ಎಂದು ಹುರಿದುಂಬಿಸುವ ಕೂಗು. ಬೆಳಗಾದರೆ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದ. ಅವಳು ಒಬ್ಬಳೇ ಕಾಲುವೆ ದಾರಿ ಹಿಡಿದು ಬಂದು ಅಂಗಡಿ ತೆರೆಯುತ್ತಿದ್ದಳು. ದಾರಿಯಲ್ಲಿ ಬಾತುಕೋಳಿಗಳು ಸಾಲಾಗಿ ನೀರಿಗಿಳಿಯುತ್ತಿದ್ದವು. ಸೇತುವೆಯ ಏರಿನ ಮೇಲೆ ನಾಯಿ ತನ್ನ ಯಜಮಾನಿಯನ್ನು ಎಳೆದುಕೊಂಡು ಹೋಗುತ್ತಿತ್ತು. ಅದನ್ನೆಲ್ಲ ಗಂಡನಿಗೆ ಹೇಳಬೇಕೆಂದುಕೊಳ್ಳುವಳು. ಅವನು ಬರುವಷ್ಟರಲ್ಲಿ ಗಿರಾಕಿಗಳು ಬಂದಿರುತ್ತಿದ್ದರು. ಮಧ್ಯಾಹ್ನ ಹೇಳಿದರೆ ಬೆಳಗಿನ ಮಾತು ಆರಿದ ಚಹಾದ ಹಾಗೆ.

ಒಂದು ದಿನ ಮಾಸ್ತರು ಅಂಗಡಿಗೆ ಬಂದವನೇ ಎರಡು ಬೆರಳು ಎತ್ತಿ ತೋರಿಸಿದ.

“ಏನ್ರೀ ಅದು?”

“ಸೊಂಟ. ಎರಡು ಬೆರಳು ಇಳಿದಿದೆ! ಜಿಮ್ಮಲ್ಲೇ ಅಳೆದಿದ್ದು, ಬಾಗಿಲು ಸಾಕ್ಷಿ. ಎಲ್ಲಿ, ನೀನೂ ಬಾ.” ಅಂಗಡಿಯ ಟೇಪಿನಿಂದ ಅವಳ ಸೊಂಟ ಅಳೆದ. ಇದ್ದಷ್ಟೇ ಇತ್ತು. “ನೋಡಿದ್ಯಾ? ಬಾತುಕೋಳಿ ನೋಡ್ಕೊಂಡು ನಡೆದ್ರೆ ಬಾತುಕೋಳಿ ಹಾಗೇ ಇರ್ತೀವಿ.”

ಅವಳಿಗೆ ಸ್ವಲ್ಪ ಚುರುಕ್ಕೆಂದಿತು. ಆದರೂ ಅವನ ಮುಖದ ಬೆಳಕು ನೋಡಿ ಸಂತೋಷವೇ ಆಯಿತು. ಇಳಿಯಲಿ ಪಾಪ, ಯಾರ ಹೊಟ್ಟೆಯಾದರೇನು, ಮನೆಯ ಹೊಟ್ಟೆಯೇ ಅಲ್ಲವೇ. ಮಾಸ್ತರು ಅಂದೇ ಕೂತು ತನ್ನ ಪ್ಯಾಂಟುಗಳನ್ನೆಲ್ಲ ಎರಡು ಬೆರಳು ಬಿಗಿ ಮಾಡಿಕೊಂಡ. ಕೆಲವು ದಿನ ಕಳೆದ ಮೇಲೆ ಅವನು ಬಟ್ಟೆ ಬದಲಿಸುವಾಗ ಅವಳು ನೋಡಿದಳು, ಸೊಂಟದ ಸುತ್ತ ಹಗ್ಗ ಕಟ್ಟಿದ ಹಾಗೆ ಕೆಂಪು ಗೆರೆ.

“ಏನ್ರೀ ಇದು, ಬಿಗಿಯಾಗ್ತಾ ಇದೆಯಾ?”

“ಬಟ್ಟೆ ಕುಗ್ಗಿದೆ,” ಎಂದ ಮಾಸ್ತರು, ಉಸಿರು ಬಿಡದೆ.

ಹೀಗಿರುವಾಗ ಬಾಗಿಲಿನ ತಂಗಿಯ ಮದುವೆ ಗೊತ್ತಾಯಿತು. ಅಣ್ಣನಾದವನಿಗೆ ಒಂದು ಕೋಟು ಬೇಕು. ಅಂಗಡಿಗಳಲ್ಲಿ ಸಿಗುವ ಯಾವ ಕೋಟಿಗೂ ಅವನ ಭುಜ ಬಗ್ಗುತ್ತಿರಲಿಲ್ಲ. ಮಾಸ್ತರು ಜಿಮ್ಮಿನಲ್ಲೇ ಅವನ ಅಳತೆ ತೆಗೆದುಕೊಂಡು ಬಂದು, ಒಳ್ಳೆಯ ಕಡುನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿದ.

“ಪಕ್ಕದ ಹೊಲಿಗೆಗೆ ಒಂದು ಬೆರಳು ಬಟ್ಟೆ ಹೆಚ್ಚಿಗೆ ಬಿಡ್ರೀ,” ಎಂದಳು ಅವಳು ಎಂದಿನ ಹಾಗೆ.

“ನಿನ್ನ ಈ ಹೆಚ್ಚಿಗೆ ಬಟ್ಟೆಯಲ್ಲೇ ಇನ್ನೊಂದು ಕೋಟು ಹೊಲೀಬಹುದಿತ್ತು. ನನ್ನ ಕೈ ಯಾವತ್ತು ತಪ್ಪಿದೆ?”

ಎಂದಿನ ಹಾಗೆ ಬೈದ, ಎಂದಿನ ಹಾಗೆ ಒಂದು ಬೆರಳು ಬಿಟ್ಟ.

ಮದುವೆಗೆ ಎರಡು ದಿನವಿರುವಾಗ ಬಾಗಿಲು ಕೋಟು ತೊಟ್ಟು ನೋಡಲು ಬಂದ. ತೋಳು ಹೇಗೋ ಏರಿತು. ಗುಂಡಿ ಮಾತ್ರ ಕಾಜಾದ ಹತ್ತಿರಕ್ಕೂ ಬರಲಿಲ್ಲ. ಮಾಸ್ತರು ಎಳೆದ, ಬಾಗಿಲು ಉಸಿರು ಹಿಡಿದ. ಬೆನ್ನಿನ ಹೊಲಿಗೆ ಕಿರ್ ಎಂದಿತು.

ಬಾಗಿಲು ಕನ್ನಡಿಯ ಮುಂದೆ ತೋಳು ಮಡಿಸಿ ಕುಣಿದೇಬಿಟ್ಟ.

“ಬೆಳೆದಿದೆ ಮಾಸ್ತರೇ! ಎದೆ ಬೆಳೆದಿದೆ! ಅಕ್ಕಾ, ಒಂದು ಫೋಟೋ ತೆಗೀರಿ. ಎರಡು ವಾರದಲ್ಲಿ ಇಷ್ಟು ಎದೆ! ಹೊಸ ಡಬ್ಬಿ ಪ್ರೋಟೀನ್ ಪೌಡರ್ ಕೆಲಸ ಮಾಡಿದೆ!”

ಗುಂಡಿಯಕ್ಕ ಫೋಟೋ ತೆಗೆದಳು. ಫೋಟೋದ ಮೂಲೆಯಲ್ಲಿ ಗಂಡ ನಿಂತಿದ್ದ, ಸೀಮೆಸುಣ್ಣದಷ್ಟು ಬೆಳ್ಳಗೆ.

“ನಾಳೆ ಸಂಜೆಗೆ ಸರಿ ಮಾಡಿ ಕೊಡ್ತೀವಪ್ಪ,” ಎಂದು ಅವಳೇ ಹೇಳಿ ಕಳಿಸಿದಳು.

ಎರಡು ವಾರದಲ್ಲಿ ಎದೆ ಅಷ್ಟು ಬೆಳೆಯುವುದಿಲ್ಲ ಎಂದು ದರ್ಜಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ಮಾಸ್ತರು ಕೋಟನ್ನು ಮೇಜಿನ ಮೇಲೆ ಹರಡಿ ಅಂಗಡಿಯ ಟೇಪಿನಿಂದ ಅಳೆದ. ತಾನು ಬರೆದುಕೊಂಡ ಅಳತೆಗೂ ಕೋಟಿಗೂ ನೂಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಹಾಗಾದ್ರೆ ಅಳತೆ ತಗೊಂಡಾಗಲೇ ತಪ್ಪಿದೆ,” ಎಂದ ಮೆಲ್ಲಗೆ. “ಟೇಪು ಹಿಡಿದು ನಿಂತಾಗಲೇ ನನ್ನ ಕಣ್ಣು ತಪ್ಪು ಓದಿದೆ.”

ಸಂಜೆ ಮಗಳನ್ನು ಅಂಗಡಿಗೇ ಕರೆಸಿ ಕಣ್ಣು ತೋರಿಸಿಕೊಂಡ. ಅವಳು ಟಾರ್ಚು ಹಿಡಿದು, ಅಕ್ಷರದ ಹಲಗೆ ಓದಿಸಿ, “ಅಪ್ಪಾ, ನಿನ್ನ ಕಣ್ಣು ಗಿಡುಗನ ಕಣ್ಣು, ಏನೂ ಆಗಿಲ್ಲ,” ಎಂದು ನಗುತ್ತ ಹೋದಳು. ಮಗಳಿಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಗೊತ್ತಾಯಿತು, ಆ ಮಾತು ಕೇಳಿ ಗಂಡನ ಮುಖ ಇನ್ನಷ್ಟು ಇಳಿದದ್ದು.

“ಕಣ್ಣಲ್ಲ ಅಂದ್ರೆ ತಲೆ,” ಎಂದ ಅವನು, ಮಗಳು ಹೋದ ಮೇಲೆ. “ನನಗೆ ಕತ್ತರಿ ಹಿಡಿಯೋದು ಕಲಿಸಿದ ಗುರುಗಳಿಗೂ ಹೀಗೇ ಶುರುವಾಗಿದ್ದು ಕಣೇ. ಮೊದಲು ಅಳತೆ ತಪ್ಪಿದ್ರು. ಆಮೇಲೆ ನಮ್ಮ ಹೆಸರು ತಪ್ಪಿದ್ರು.” ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟ. “ಇನ್ಮೇಲೆ ನೀನೇ ಕತ್ತರಿಸು. ನಾನು ಗುಂಡಿ ಹಚ್ತೀನಿ.”

ಮನೆಗೆ ಬಂದ ಮೇಲೆ ಗುಂಡಿಯಕ್ಕ ಒಲೆಯ ಮುಂದೆ ನಿಂತು ಚಹಾ ಸೋಸುತ್ತ ಯೋಚಿಸಿದಳು. ಈ ಮನುಷ್ಯ ಕತ್ತರಿ ಕೆಳಗಿಟ್ಟರೆ ಸಕ್ಕರೆಯೂ ಬೇಕಿಲ್ಲ, ರಕ್ತದ ಒತ್ತಡವೂ ಬೇಕಿಲ್ಲ, ಕೂತಲ್ಲೇ ಕರಗಿಹೋಗುತ್ತಾನೆ. ಇಲ್ಲಿ ಸಮಾಧಾನ ಹೇಳಿದರೆ ಅವನ ಕಿವಿಗೆ ಹೋಗುವುದಿಲ್ಲ. ಮನೆಯ ಗೋಡೆಗಳ ನಡುವೆ ಕೂತು ಅವನು ಎಂದಾದರೂ ಮನಸ್ಸು ಬಿಚ್ಚಿದ್ದುಂಟೇ? ಏನೇ ಹೇಳಿದ್ದರೂ ಕಾಲುವೆ ದಾರಿಯಲ್ಲೇ ಹೇಳಿದ್ದು. ಅಪ್ಪ ತೀರಿಕೊಂಡಾಗಲೂ ಅಲ್ಲೇ ಅತ್ತಿದ್ದ, ಗುರುಗಳ ಕೈಕೆಳಗಿದ್ದಾಗ ಸ್ವಂತ ಅಂಗಡಿ ಇಡುವ ಆಸೆಯನ್ನೂ ಅಲ್ಲೇ ಹೇಳಿದ್ದ.

ಬೆಳಗ್ಗೆ ಅವನು ಜಿಮ್ಮಿಗೂ ಹೊರಡಲಿಲ್ಲ. ಅವಳು ಸ್ಕೂಟರಿನ ಕೀಲಿಯನ್ನು ಸಕ್ಕರೆ ಡಬ್ಬಿಯೊಳಗೆ ಹಾಕಿ ಮುಚ್ಚಿದಳು. ಆ ಡಬ್ಬಿಗೆ ಅವನು ಈಗ ಕೈ ಹಾಕುವಂತಿರಲಿಲ್ಲ.

“ಕೀಲಿ ಕಾಣ್ತಿಲ್ಲ. ನಡ್ಕೊಂಡೇ ಹೋಗೋಣ ಬನ್ನಿ.”

“ನನಗೆ ಮನಸ್ಸಿಲ್ಲ.”

“ಮನಸ್ಸು ಮನೇಲಿರ್ಲಿ. ಕಾಲು ಬಂದ್ರೆ ಸಾಕು.”

ಜಿಮ್ಮಿನ ಚೀಲ ಹೆಗಲಿಗೇರಿಸಿಕೊಂಡೇ ಬಂದ, ರೂಢಿಯ ಬಲ. ಮೊದಲು ಸುಮ್ಮನೆ ನಡೆದ. ಆಮೇಲೆ ಗೊಣಗಲು ಶುರು ಮಾಡಿದ. ದಾರಿಯ ಕಲ್ಲಿನ ಮೇಲೆ, ಬಾಗಿಲಿನ ಪೌಡರಿನ ಮೇಲೆ, ತನ್ನ ತಲೆಯ ಮೇಲೆ, ಹೀಗೆ ಒಂದೊಂದನ್ನೂ ಬೈಯುತ್ತ ಸೇತುವೆಯ ಏರು ಹತ್ತಿದ. ಅವಳು ಹೂಂಗುಟ್ಟುತ್ತ ಪಕ್ಕದಲ್ಲೇ ನಡೆದಳು. ಏರಿನ ತುದಿಯಲ್ಲಿ ನಾಯಿ ಅವನ ಮೇಲೆ ನೆಗೆಯಿತು, ಅವನು ಹಿಂದಕ್ಕೆ ಬಾಗಿದ, ಟಪ್ ಎಂದಿತು. ಪ್ಯಾಂಟಿನ ಗುಂಡಿ ಕಿತ್ತು ಹಾರಿ ಕಾಲುವೆಗೆ ಬಿತ್ತು. ಬಾತುಕೋಳಿಗಳೆಲ್ಲ ತಿಂಡಿ ಬಂತೆಂದು ಅದರ ಮೇಲೆ ಮುಗಿಬಿದ್ದವು.

“ಅಯ್ಯೋ, ನಿಮ್ಮದೇನೋ ಬಿತ್ತು!” ಎಂದಳು ನಾಯಿಯ ಯಜಮಾನಿ.

“ನನ್ನ ಮಾನ,” ಎಂದ ಮಾಸ್ತರು, ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು.

ನಾಯಿ, ಯಜಮಾನಿ ಆಚೆ ಹೋದ ಮೇಲೆ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಸೂಜಿ, ದಾರ, ಗುಂಡಿ ಇಲ್ಲದೆ ಗುಂಡಿಯಕ್ಕ ಮನೆ ಬಿಟ್ಟವಳೇ ಅಲ್ಲ. ಸೂಜಿಗೆ ದಾರ ಪೋಣಿಸುತ್ತ ಕೇಳಿದಳು, “ಇದೇ ಜಾಗಕ್ಕೆ ಹಚ್ಚಿದ್ರೆ ಮತ್ತೆ ಹಾರುತ್ತೆ. ಸೊಂಟ ಈಗೆಷ್ಟಿದೆ ನೋಡಿ ಹಚ್ತೀನಿ. ಟೇಪು ಇದೆಯಾ?”

ಚೀಲದಿಂದ ಅವನು ಟೇಪು ತೆಗೆದುಕೊಟ್ಟ. ಅಂಚು ನಾರುನಾರಾದ, ಮುಟ್ಟಿ ಮುಟ್ಟಿ ಮೆತ್ತಗಾದ, ಹಳದಿ ಮಾಸಿದ ಬಟ್ಟೆಯ ಟೇಪು.

“ಇದು ಗುರುಗಳದ್ದಲ್ವಾ? ಅಂಗಡಿ ಗೋಡೆಯ ಮೊಳೆಗೆ ನೇತು ಹಾಕಿದ್ದು?”

“ಹೂಂ. ಜಿಮ್ಮಿಂದು ತುಂಡಾಗಿತ್ತು, ಇದನ್ನ ತಗೊಂಡು ಹೋದೆ. ಎಲ್ಲರಿಗೂ ಇದರಲ್ಲೇ ಅಳೀತಿರೋದು.”

“ಅಂಗಡಿ ಟೇಪು ಯಾಕೆ ಒಯ್ಲಿಲ್ಲ?”

“ಮರೆತ್ಯಾ? ಗುರುಗಳು ಹೇಳ್ತಿರಲಿಲ್ವಾ, ಅಂಗಡಿಯ ಟೇಪು ಅಂಗಡಿ ದಾಟಬಾರದು ಅಂತ.”

ಅವಳು ಟೇಪನ್ನು ಅವನ ಸೊಂಟಕ್ಕೆ ಸುತ್ತಿ ಓದಿದಳು. ಅವನು ಹೇಳಿದಷ್ಟೇ, ಎರಡು ಬೆರಳು ಕಡಿಮೆ. ಆದರೆ ಕಣ್ಣೆದುರಿನ ಪ್ಯಾಂಟು, ಕೆಂಪು ಗೆರೆ ಬೇರೆಯೇ ಹೇಳುತ್ತಿದ್ದವು. ಅವಳು ಟೇಪನ್ನು ಬೆಂಚಿನ ಮೇಲೆ ನೀಟಾಗಿ ಹರಡಿ, ಅದರ ಪಕ್ಕದಲ್ಲಿ ಗೇಣು ಹಾಕುತ್ತ ಹೋದಳು. ಒಂದು, ಎರಡು, ಮೂರು, ನಾಲ್ಕು, ಐದು. ಐದು ಗೇಣಿಗೆ ನಲವತ್ತು ಬರಬೇಕು. ಅವಳ ಕಿರುಬೆರಳಿನ ತುದಿಯಲ್ಲಿದ್ದದ್ದು ಮೂವತ್ತೆಂಟೂವರೆ.

“ರೀ,” ಎಂದಳು. “ನನ್ನ ಗೇಣು ಬೆಳೆದಿದೆಯಾ?”

“ಈ ವಯಸ್ಸಲ್ಲಿ ಗೇಣು ಬೆಳೆಯುತ್ತಾ?”

“ಹಾಗಾದ್ರೆ ಟೇಪು ಬೆಳೆದಿದೆ.”

ಮಾಸ್ತರು ಬಗ್ಗಿ ನೋಡಿದ. ಅವಳ ಕೈ ಹಿಡಿದು ತಾನೇ ಇನ್ನೊಮ್ಮೆ ಐದು ಗೇಣು ಇಡಿಸಿದ. ಇಡೀ ಜೀವಮಾನದಲ್ಲಿ ಗುರುಗಳು ಎಷ್ಟು ಜನರ ಮೈಮೇಲೆ ಎಳೆದ ಟೇಪೋ, ಎಳೆದೆಳೆದು ಅದು ಜಗ್ಗಿಹೋಗಿತ್ತು. ಅದರಲ್ಲಿ ಅಳೆಸಿಕೊಂಡವರೆಲ್ಲ ಇದ್ದಲ್ಲೇ ಇಳಿದಿದ್ದರು. ಬಾಗಿಲನ್ನು ಜಗ್ಗಿದ ಟೇಪಿನಲ್ಲಿ ಅಳೆದು, ಸರಿಯಾದ ಟೇಪಿನಲ್ಲಿ ಕತ್ತರಿಸಿದ ಕೋಟು ಬಿಗಿಯಾಗದೆ ಇನ್ನೇನಾಗುತ್ತದೆ?

“ಅಳೆದ ಟೇಪಿನಲ್ಲೇ ಕತ್ತರಿಸು ಅಂತ ಅವರು ಹೇಳಿದ್ದು,” ಎಂದ ಮಾಸ್ತರು ನಿಧಾನವಾಗಿ. “ಅದಕ್ಕೇ ಅಂಗಡಿ ದಾಟಬಾರದು ಅಂದದ್ದು. ನಾನು ಮಾತು ಹಿಡ್ಕೊಂಡೆ, ಅರ್ಥ ಬಿಟ್ಟೆ.”

“ತಲೆಗೆ ಏನೂ ಆಗಿಲ್ಲ ಅಂದ ಹಾಗಾಯ್ತು.”

“ತಲೆಗೆ ಏನೂ ಆಗಿಲ್ಲ!” ಅವನು ಎದ್ದು ನಿಂತ, ಪ್ಯಾಂಟು ಜಾರಿತು, ಮತ್ತೆ ಕೂತ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳಿಗೆ ಸೂಜಿ ಚುಚ್ಚಿತು, ಆದರೂ ನಕ್ಕಳು. ನಗು ಮುಗಿದ ಮೇಲೆ ಅವನ ಮುಖ ಮತ್ತೆ ಸಪ್ಪಗಾಯಿತು.

“ಅಂದ್ರೆ ಹೊಟ್ಟೇನೂ ಇಳಿದಿಲ್ಲ. ಇಷ್ಟು ದಿನ ಕಬ್ಬಿಣ ಎತ್ತಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಈ ಏರು ಹತ್ತುವಾಗ ಎಲ್ಲಿ ನಿಂತ್ರಿ?”

“ಎಲ್ಲಿ ನಿಂತೆ?”

“ಅದನ್ನೇ ಕೇಳ್ತಿರೋದು. ಹೋದ ವರ್ಷ ಮಳೇಲಿ ಸ್ಕೂಟರ್ ಕೆಟ್ಟಾಗ ಇಲ್ಲಿ ಬಂದ್ವಲ್ಲ, ಆಗ ಆ ಕಂಬದ ಹತ್ತಿರ ಒಮ್ಮೆ, ಈ ಬೆಂಚಿನ ಹತ್ತಿರ ಒಮ್ಮೆ ನಿಂತು ಏದುಸಿರು ಬಿಟ್ರಿ. ಇವತ್ತು ಊರನ್ನೆಲ್ಲ ಬೈಕೊಂಡು ಒಂದೇ ಉಸಿರಿಗೆ ಹತ್ತಿದ್ರಿ. ಟೇಪಿಗೆ ಗೊತ್ತಾಗದೆ ಇದ್ರೇನು, ಏರಿಗೆ ಗೊತ್ತಾಗಿದೆ.”

ಮಾಸ್ತರು ಹಿಂದಿರುಗಿ ಏರಿನ ಕಡೆ ನೋಡಿದ.

“ನಿನಗೆ?” ಎಂದ ಆಮೇಲೆ. “ನಿನಗೇನು ಸಿಕ್ತು, ಈ ಬಾತುಕೋಳಿಗಳಿಂದ?”

“ಹಾಸಿಗೆಗೆ ತಲೆ ಕೊಟ್ರೆ ನಿದ್ದೆ. ಮೊಣಕಾಲು ಕಿರಿಕಿರಿ ಇಲ್ಲ. ಒಂದೇ ಕೊರತೆ ಇತ್ತು,” ಎಂದಳು ದಾರ ಹಲ್ಲಿನಿಂದ ಕಡಿದು. “ಮಾತಾಡೋಕೆ ಜೊತೆ ಇರಲಿಲ್ಲ.”

ಅವನು ಗುಂಡಿ ಹಾಕಿಕೊಂಡು ಎದ್ದ. ಚೀಲವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಿಸಿ ಅವಳ ಪಕ್ಕಕ್ಕೆ ಬಂದ.

ಅಂಗಡಿ ತೆರೆದ ಕೂಡಲೇ ಕೋಟಿನ ಪಕ್ಕದ ಹೊಲಿಗೆ ಬಿಚ್ಚಿದರು. ಒಳಗೆ ಅವಳು ಹೇಳಿ ಬಿಡಿಸಿದ್ದ ಒಂದು ಬೆರಳಿನ ಬಟ್ಟೆ ಎರಡೂ ಕಡೆ ಮಡಿಸಿಕೊಂಡು ಕಾಯುತ್ತಿತ್ತು. ಮಾಸ್ತರು ಅದನ್ನು ನೋಡಿದ, ಅವಳನ್ನು ನೋಡಿದ, ಕೆಮ್ಮಿದ.

“ಏನಾದ್ರೂ ಹೇಳಿದ್ರಾ?” ಎಂದಳು.

“ಇಲ್ವಲ್ಲ.”

ಸಂಜೆ ಬಾಗಿಲು ಬಂದಾಗ ಅಂಗಡಿಯ ಟೇಪಿನಲ್ಲಿ ಎದೆ ಅಳೆದು, ಕೋಟು ತೊಡಿಸಿದರು. ಗುಂಡಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಕಾಜಾ ಸೇರಿತು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಬೆಳೆದ ಎದೆಯೊಂದಿಗೆ ಮದುವೆಗೆ ಹೋಗುತ್ತಿದ್ದ. ಆದರೆ ಮಾಸ್ತರಿಗೆ ತಪ್ಪು ಹೊಟ್ಟೆಯಲ್ಲಿಟ್ಟುಕೊಳ್ಳಲು ಬರುವುದಿಲ್ಲ, ಅಲ್ಲಿ ಜಾಗವೂ ಇರಲಿಲ್ಲ. ಎಲ್ಲ ಹೇಳಿದ.

ಬಾಗಿಲಿನ ತೋಳುಗಳು ಕೆಳಗಿಳಿದವು. “ಅಂದ್ರೆ ಎದೆ?”

“ಇದ್ದಷ್ಟೇ ಇದೆಯಪ್ಪ.”

“ಜಿಮ್ಮಲ್ಲಿ ಎಲ್ಲರೂ ಎರಡೆರಡು ಬೆರಳು ಇಳಿದಿದ್ದು?”

“ಎಲ್ಲ ಗುರುಗಳ ಕೃಪೆ.”

ಬಾಗಿಲು ಸ್ಟೂಲಿನ ಮೇಲೆ ಕೂತ. ಸ್ಟೂಲು ನರಳಿತು. ಗಲ್ಲ ಕೆರೆದುಕೊಂಡು ತಲೆಯೆತ್ತಿದ. “ಮಾಸ್ತರೇ, ಒಂದು ಮಾತು. ಆ ಟೇಪು ನಿಮಗೆ ಬೇಡ ಅಂದ್ರೆ...”

“ನಡಿ ಆಚೆ!” ಎಂದು ಗುಂಡಿಯಕ್ಕ ಅಳತೆಯ ಕೋಲು ಎತ್ತಿದಳು. ಅವನು ನಗುತ್ತ, ಕೋಟು ಸುಕ್ಕಾಗದ ಹಾಗೆ ಅಡ್ಡಡ್ಡ ನಡೆಯುತ್ತ ಹೊರಗೆ ಹೋದ.

ಅವನು ಹೋದ ಮೇಲೆ ಮಾಸ್ತರು ಗುರುಗಳ ಟೇಪನ್ನು ಸುರುಳಿ ಸುತ್ತಿ ಹಳೆಯ ಮೊಳೆಗೆ ನೇತುಹಾಕಿದ. ಡ್ರಾಯರಿನಿಂದ ಕತ್ತರಿ ತೆಗೆದು, ಸುತ್ತಿದ್ದ ಬಟ್ಟೆ ಬಿಚ್ಚಿ, ಬಾಕಿಯಿದ್ದ ಬಟ್ಟೆಗೆ ಹಾಕಿದ. ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಆ ಕರ್ ಕರ್ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ, ನೋಡಿದರೆ ಅವನು ನಾಚುತ್ತಾನೆ. ಯಂತ್ರದ ತುಳಿತವನ್ನು ಮಾತ್ರ ಸ್ವಲ್ಪ ನಿಧಾನ ಮಾಡಿದಳು, ಕತ್ತರಿಯ ಸದ್ದು ಚೆನ್ನಾಗಿ ಕೇಳಲಿ ಎಂದು.

ಅಂದಿನಿಂದ ಬೆಳಗ್ಗೆ ಕಾಲುವೆ ದಾರಿ, ಒಂದೆರಡು ಸಂಜೆ ಜಿಮ್ಮು. ಕಬ್ಬಿಣದ ಗೆಳೆತನ ಅವನಿಗೆ ಬಿಡಲಾಗಲಿಲ್ಲ, ಅವಳು ಬಿಡಿಸಲೂ ಇಲ್ಲ. ಪ್ಯಾಂಟುಗಳನ್ನೆಲ್ಲ ಮತ್ತೆ ಎರಡು ಬೆರಳು ಸಡಿಲ ಮಾಡಿಕೊಂಡ. ಸ್ಕೂಟರಿನ ಕೀಲಿ ಸಕ್ಕರೆ ಡಬ್ಬಿಯಲ್ಲೇ ಉಳಿಯಿತು, ಅವನು ಎಲ್ಲಿದೆ ಎಂದು ಕೇಳಲೂ ಇಲ್ಲ.

ಮೂರು ತಿಂಗಳು ತುಂಬಿದ ಮೇಲೆ ಡಾಕ್ಟರಮ್ಮ ಹೊಸ ಕಾಗದ ಓದಿದರು. ಹುಬ್ಬು ಮೇಲೇರಿತು. “ಪರವಾಗಿಲ್ಲವೇ! ಸಕ್ಕರೆ ಬಾಗಿಲು ಬಿಟ್ಟು ಗೇಟಿನವರೆಗೆ ಹೋಗಿದೆ. ಎಲ್ಲಿ, ಸೊಂಟ?” ಎಂದು ಡ್ರಾಯರಿನಿಂದ ಟೇಪು ತೆಗೆದರು.

ಮಾಸ್ತರು ಎದ್ದು ನಿಂತವನು ಕೈ ಅಡ್ಡ ಹಿಡಿದ.

“ಒಂದು ನಿಮಿಷ ಡಾಕ್ಟ್ರೇ. ಮೊದಲು ನಿಮ್ಮ ಟೇಪಿನ ಪರೀಕ್ಷೆ ಆಗ್ಲಿ.” ಹೆಂಡತಿಯ ಕಡೆ ತಿರುಗಿದ. “ಇಡೇ ನಿನ್ನ ಗೇಣು.”

ಗುಂಡಿಯಕ್ಕ ಟೇಪನ್ನು ಮೇಜಿನ ಮೇಲೆ ಹರಡಿ ಕೈ ಬಿಡಿಸಿದಳು. ಡಾಕ್ಟರಮ್ಮ ಬಾಯಿ ತೆರೆದು ನೋಡುತ್ತಿದ್ದ ಹಾಗೆಯೇ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಇಟ್ಟು ತಲೆಯಾಡಿಸಿದಳು.

“ಸರಿಯಿದೆ. ಅಳೀಬಹುದು.”

“ಸದ್ಯ, ಪಾಸಾಯ್ತಲ್ಲ,” ಎಂದರು ಡಾಕ್ಟರಮ್ಮ, ಟೇಪು ಸುತ್ತುತ್ತ. “ಎಲ್ಲಿ ಮಾಸ್ತರೇ, ಆ ಉಸಿರು ಬಿಡಿ. ನೀವು ಬಿಡೋವರೆಗೂ ನಾನು ಓದಲ್ಲ.”